ಬೇರಿನ ಮಾತು, ಮಗಳ ಮಾತು: ಒಂದು ವಿಡಿಯೋದ ಪ್ರಕರಣ

ಆ ವಿಡಿಯೋ ಒಟ್ಟು 47 ಸೆಕೆಂಡು. ತೆಗೆದವನು ನಾನು, ಕತ್ತರಿಸಿದವನೂ ನಾನೇ. ಮೊದಲು ಅದು ಆರು ನಿಮಿಷ ಇತ್ತು. ಬಿಟ್ಟುಹೋದ ಆ ಐದು ನಿಮಿಷ ನನ್ನ ಹಳೇ ಫೋನಿನಲ್ಲಿ ಇನ್ನೂ ಇದೆ.

2022ರ ಡಿಸೆಂಬರ್. ಚಿತ್ತಾಪುರ ತಾಲೂಕಿನ ಒಂದು ಹಳ್ಳಿ. ಹೆಸರು ಬೇಡ, ಯಾಕೆ ಬೇಡ ಅನ್ನೋದು ಓದುತ್ತಾ ಹೋದರೆ ಗೊತ್ತಾಗುತ್ತದೆ. ಆ ವರ್ಷ ಕಲಬುರಗಿ ಕಡೆ ತೊಗರಿಗೆ ನೆಟೆ ರೋಗ ಬಡಿದಿತ್ತು. ನಮ್ಮ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಇದು ಈ ನೆಲದ್ದೇ ಅನ್ನುವ ಗುರುತು) ಸಿಕ್ಕಾಗ ಹಾರ ಹಾಕಿಸಿಕೊಂಡವರು ಬಹಳ ಜನ. ಬೆಳೆ ಒಣಗಿದಾಗ ಹೊಲಕ್ಕೆ ಬಂದವರು ಕಡಿಮೆ. ನೆಟೆ ರೋಗ ಮಣ್ಣಿನಲ್ಲಿರುವ ಶಿಲೀಂಧ್ರದಿಂದ ಬರುತ್ತದೆ. ಬೇರಿನಿಂದ ಹತ್ತಿ, ಕಾಂಡದೊಳಗೆ ನೀರು ಹೋಗುವ ದಾರಿಯನ್ನೇ ಕಟ್ಟುತ್ತದೆ. ಹೂವು, ಕಾಯಿ ಹಿಡಿಯುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗುತ್ತದೆ. ಶುರುವಿನಲ್ಲಿ ರಸ್ತೆಯಿಂದ ನೋಡಿದರೆ ಹೊಲ ಹಸಿರಾಗೇ ಕಾಣುತ್ತದೆ. ಸಿಪ್ಪೆ ಸುಲಿದರೆ ಮಾತ್ರ ಒಳಗಿನ ಕಪ್ಪು ಗೆರೆ.

ಬೆಳೆ ಹಾನಿಯ ಸಮೀಕ್ಷೆಗೆ ಒಂದು ಜೀಪು ಬಂತು. ನಾನು ಆಗ ಒಂದು ಸಣ್ಣ ಸುದ್ದಿ ಪೇಜಿಗೆ ವಿಡಿಯೋ ಕೊಡುತ್ತಿದ್ದೆ, ಬೈಕ್ ಮೇಲೆ ಹಿಂದೆ ಹೋದೆ. ಹೊಲದ ಬದುವಿನ ಮೇಲೆ ನಲವತ್ತೈದರ ಆಸುಪಾಸಿನ ಒಬ್ಬ ಹೆಣ್ಣುಮಗಳು ನಿಂತಿದ್ದರು. ಜೀಪಿನೊಳಗಿಂದಲೇ ಫೋಟೋ ಹೊಡೆಯುತ್ತಿದ್ದ ಹುಡುಗನಿಗೆ ಅವರು ಹೇಳಿದ ಮಾತು ಇದು:

"ಗಾಡ್ಯಾಗ ಕುಂತು ನೋಡಿದ್ರ ಎಲ್ಲಾ ಹಸರೇ ಕಾಣ್ತದ ಸಾಹೇಬ್ರ. ಕೆಳಗ ಇಳೀರಿ. ಬೇರ್ ಕಿತ್ತಿ ನೋಡ್ರಿ, ಒಳಗ ಕರ್ರಗಾಗ್ಯಾದ. ಸರ್ವೆ ನಂಬರ್ ಹೇಳ್ತೀನಿ, ಬರ್ಕೋರಿ."

ಅಂದು, ಸರ್ವೆ ನಂಬರ್ ಹೇಳಿದರು. ದನಿ ಏರಿತ್ತು, ಆದರೆ ಬೈಗುಳ ಒಂದೂ ಇರಲಿಲ್ಲ.

ಇದು 47 ಸೆಕೆಂಡು. ಆಮೇಲಿನದ್ದು ನೀವು ನೋಡಿಲ್ಲ. ಆ ಹುಡುಗ ಇಳಿದ. ಗಿಡ ಕಿತ್ತ. ಕಾಂಡ ಸೀಳಿ ನೋಡಿ, "ನಮ್ಮ ಹೊಲಾನೂ ಹಿಂಗೇ ಆಗ್ಯಾದವ್ವಾ" ಅಂದ. ಅವರು ಅವನಿಗೆ ತಂಬಿಗೆಯಲ್ಲಿ ನೀರು ಕೊಟ್ಟರು. ಇಬ್ಬರೂ ಕೂಡಿ ಒಣಗಿದ ಸಾಲು ಎಣಿಸಿದರು. ಇದನ್ನೆಲ್ಲ ನಾನು ಕತ್ತರಿಸಿದೆ. ಜಗಳ ಇಲ್ಲದ ವಿಡಿಯೋ ಯಾರು ನೋಡ್ತಾರೆ? ಸರ್ವೆ ನಂಬರ್ ಮಾತ್ರ ಉಳಿಸಿದೆ. "ಅದೇ ಪಂಚ್" ಅಂದಿದ್ದರು ಪೇಜ್ ನಡೆಸುವವರು. ಕೆಳಗೆ ಊರಿನ ಹೆಸರು ಹಾಕಿ, "ಅಧಿಕಾರಿಗೆ ಬೆವರಿಳಿಸಿದ ರೈತ ಮಹಿಳೆ" ಅಂತ ಬರೆದೆ.

ಎರಡು ದಿನದಲ್ಲಿ ಅದು ನಮ್ಮ ಕೈ ಬಿಟ್ಟು ಹೋಯಿತು. ಯಾರೋ ಹಿನ್ನೆಲೆಗೆ ಡೊಳ್ಳಿನ ಸದ್ದು ಸೇರಿಸಿದರು. ಯಾರೋ "ತೊಗರಿ ಅಕ್ಕ" ಅಂತ ಹೆಸರಿಟ್ಟರು. ವಾಟ್ಸಾಪ್ ಗ್ರೂಪಿನಲ್ಲಿ ನನ್ನದೇ ವಿಡಿಯೋ ನನಗೇ ನಾಲ್ಕು ಸಲ ಬಂತು. ನಮ್ಮ ಪೇಜಿನ ಹೆಸರನ್ನು ಅಳಿಸಿದ್ದರು. ನಿಜ ಹೇಳಬೇಕೆಂದರೆ ಆಗ ನನಗೆ ಬೇಜಾರಾಗಿದ್ದು ಅದಕ್ಕೆ ಮಾತ್ರ.

ಮೂರು ವಾರ

ಮೊದಲ ವಾರ ಹೊಗಳಿಕೆ. ಕಲಬುರಗಿಯಲ್ಲಿ ಡಿಸಿ ಆಫೀಸಿನ ಮುಂದೆ ರೈತರ ಧರಣಿ ಇತ್ತು, ಅಕ್ಕನನ್ನು ಕರೆದರು. ಗಂಡ ಬೇಡ ಅಂದರೂ ಅವರು ಹೋದರು. ಮೈಕ್ ಹಿಡಿದು ಐದು ನಿಮಿಷ ಮಾತಾಡಿದರು. ಒಣಗಿದ ಗಿಡಗಳ ಒಂದು ಕಟ್ಟು ಜತೆಗೆ ಒಯ್ದಿದ್ದರು. ಈ ಐದು ನಿಮಿಷವನ್ನು ನೆನಪಿಟ್ಟುಕೊಳ್ಳಿ, ಪ್ರಕರಣದಲ್ಲಿ ಅದಕ್ಕೆ ತೂಕ ಇದೆ. ಹೊಲದಲ್ಲಿ ಆಡಿದ ಮಾತನ್ನು ಲೋಕಕ್ಕೆ ಮುಟ್ಟಿಸಿದ್ದು ನಾನು. ಡಿಸಿ ಆಫೀಸಿನ ಮುಂದೆ ಆಡಿದ್ದನ್ನು ಅವರೇ ಲೋಕಕ್ಕೆ ಆಡಿದ್ದು.

ಎರಡನೇ ವಾರ ಪಹಣಿ ಬಂತು. ವಿಡಿಯೋದಲ್ಲೇ ಊರಿತ್ತು, ಸರ್ವೆ ನಂಬರ್ ಇತ್ತು. ಭೂಮಿ ವೆಬ್‌ಸೈಟಿನಲ್ಲಿ ಜಿಲ್ಲೆ, ತಾಲೂಕು, ಹೋಬಳಿ, ಊರು, ಸರ್ವೆ ನಂಬರ್ ಕೊಟ್ಟರೆ ಯಾರ ಪಹಣಿಯನ್ನು ಯಾರು ಬೇಕಾದರೂ ನೋಡಬಹುದು. ಗಂಡನ ಹೆಸರಲ್ಲಿ 11 ಎಕರೆ. ಋಣದ ಕಾಲಮ್ಮಿನಲ್ಲಿ ಬ್ಯಾಂಕಿನ ಸಾಲ. "11 ಎಕರೆ ಒಡತಿ, ನಾಟಕ ನೋಡ್ರಿ" ಅಂತ ಬರೆದು ಯಾರೋ ಅದರ ಫೋಟೋ ಹಾಕಿದರು.

ಹಳ್ಳಿಯ ಜಮೀನು ಗೊತ್ತಿರುವವರಿಗೆ ಈ 11 ಎಕರೆ ಏನು ಅಂತ ತಟ್ಟನೆ ಹೊಳೆಯುತ್ತದೆ. ಗಂಡ ಹಿರಿಯ ಮಗ, ಅವನ ಬೆನ್ನಿಗೆ ಇಬ್ಬರು ತಮ್ಮಂದಿರು. ಹಂಚಿಕೊಂಡಿದ್ದು ಬಾಯಿಮಾತಿನಲ್ಲಿ, ಪೋಡಿ ಆಗಿಲ್ಲ (ಪಾಲು ಅಳೆದು ದಾಖಲೆ ಬೇರೆ ಮಾಡಿಸಿಲ್ಲ), ಪಹಣಿ ಹಿರಿಯನ ಹೆಸರಲ್ಲೇ ನಿಂತಿದೆ. ಮೂರು ಪಾಲು ಮಾಡಿದರೆ ಇವರ ಮನೆಗೆ ಬರೋದು 3 ಎಕರೆ 26 ಗುಂಟೆ. ಅದೂ ಮಳೆ ನಂಬಿದ ಕರಿ ಭೂಮಿ. ಆದರೆ ಪಹಣಿಯಲ್ಲಿ ಬಾಯಿಮಾತು ಕಾಣುವುದಿಲ್ಲವಲ್ಲ. ಕಾಗದ ಸುಳ್ಳಲ್ಲ. ಕಾಗದ ಇಟ್ಟುಕೊಂಡು ಹೇಳಿದ ಕಥೆ ಸುಳ್ಳು.

ಮೂರನೇ ವಾರ ಮಗಳು. ಗಂಡನ ಮನೆ ಬಿಟ್ಟು ಬಂದು ಎರಡು ವರ್ಷವಾಗಿತ್ತು. ಯಾರೋ ಅವಳ ವಾಟ್ಸಾಪ್ ಸ್ಟೇಟಸ್ಸಿನ ಫೋಟೋ ತೆಗೆದು, "ಅಧಿಕಾರಿಗೆ ಬುದ್ಧಿ ಹೇಳೋಳು ಮನೀ ಮಗಳಿಗೆ ಹೇಳಲಿಲ್ಲೇನು" ಅಂತ ಬರೆದರು. ಅದರ ಕೆಳಗಿದ್ದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಆ ರಾತ್ರಿ ಅಕ್ಕ ನನಗೆ ಫೋನ್ ಮಾಡಿದರು. ಬೈತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ.

"ತಮ್ಮಾ, ನಾ ಬೇರಿನ ಮಾತ ಆಡೀನಿ. ಮಗಳ ಮಾತ ಯಾರು ಆಡ್ಯಾರ?"

ವಕೀಲರ ಟೇಬಲ್ಲಿನಲ್ಲಿ

ಕಲಬುರಗಿಯಲ್ಲಿ ನನಗೆ ಪರಿಚಯದ ವಕೀಲರೊಬ್ಬರಿದ್ದಾರೆ. ಅಕ್ಕ, ಅವರ ಗಂಡ, ನಾನು ಮೂವರೂ ಹೋದೆವು. ವಕೀಲರು ಮೊದಲು ನನ್ನನ್ನೇ ನೋಡಿ ಕೇಳಿದರು: "ಇವರು ಸಾರ್ವಜನಿಕ ವ್ಯಕ್ತಿ ಹೌದೋ ಅಲ್ಲವೋ?"

ನಾನು ಅಲ್ಲ ಅಂದೆ. ನಮ್ಮ ಕಡೆ ಆ ಮಾತಿಗೆ ಬೇರೆಯೇ ಚಿತ್ರ ಇದೆ. ಹುಟ್ಟುಹಬ್ಬಕ್ಕೆ ಜಗತ್ ಸರ್ಕಲ್ಲಿನಲ್ಲಿ ಬ್ಯಾನರ್ ಕಟ್ಟಿಸುವವರು, ಪ್ರೆಸ್ ನೋಟಿನ ಕೊನೆಯ ಸಾಲಿನಲ್ಲಿ "ಮುಖಂಡರಾದ" ಅಂತ ಹೆಸರು ಬರೆಸಿಕೊಳ್ಳುವವರು. (ಆ ಸಾಲಿಗೆ ಜಗಳಗಳೇ ಆಗಿವೆ. ಒಂದು ಹೆಸರು ಬಿಟ್ಟುಹೋದರೆ ಮರುದಿನ ಫೋನ್ ಖಾತ್ರಿ.) ಹೊಲದ ಬದುವಿನ ಮೇಲೆ ನಿಂತ ಹೆಣ್ಣುಮಗಳು ಆ ಸಾಲಿನವರಲ್ಲ.

ವಕೀಲರು ಒಪ್ಪಲಿಲ್ಲ. "ಸ್ವಲ್ಪ ಹೌದು" ಅಂದರು. ಆ "ಸ್ವಲ್ಪ" ಎಷ್ಟು ಅನ್ನುವುದರಲ್ಲೇ ಇಡೀ ಪ್ರಕರಣ ಇದೆ.

ಈ ವಿಚಾರದಲ್ಲಿ ನಮ್ಮ ದೇಶದಲ್ಲಿ ಮೊದಲು ನೋಡಬೇಕಾದದ್ದು 1994ರ ರಾಜಗೋಪಾಲ್ ತೀರ್ಪು. ತಮಿಳುನಾಡಿನಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಆಟೋ ಶಂಕರ್ ಎಂಬ ಕೈದಿ ತನ್ನ ಆತ್ಮಕಥೆ ಬರೆದಿದ್ದ. ರಾಜಗೋಪಾಲ್ ಸಂಪಾದಕರಾಗಿದ್ದ ನಕ್ಕೀರನ್ ಪತ್ರಿಕೆ ಅದನ್ನು ಪ್ರಕಟಿಸಲು ಹೊರಟಿತ್ತು. ಅದರಲ್ಲಿ ಅಧಿಕಾರಿಗಳ ಹೆಸರು ಬರುತ್ತದೆ ಅಂತ ಸರ್ಕಾರದ ಕಡೆಯವರು ತಡೆಯಲು ನೋಡಿದರು. ಹಾಗೆ ಮೊದಲೇ ತಡೆಯುವಂತಿಲ್ಲ ಅಂದಿತು ಸುಪ್ರೀಂ ಕೋರ್ಟ್. ಜೊತೆಗೆ ಇನ್ನೂ ಕೆಲವು ಮಾತು ಹೇಳಿತು. ಒಬ್ಬರ ಮನೆ, ಮದುವೆ, ಮಕ್ಕಳು, ಓದು, ಇವುಗಳ ಬಗ್ಗೆ ಒಪ್ಪಿಗೆ ಇಲ್ಲದೆ ಬರೆಯುವಂತಿಲ್ಲ. ಬರೆದದ್ದು ನಿಜವಾಗಿದ್ದರೂ ಸರಿ, ಹೊಗಳಿಕೆಯಾಗಿದ್ದರೂ ಸರಿ. ಆದರೆ ಸಾರ್ವಜನಿಕ ದಾಖಲೆಯಲ್ಲಿ ಇರೋದನ್ನು ಬರೆಯಬಹುದು. ತಾನಾಗೇ ವಿವಾದದೊಳಗೆ ಇಳಿದವರ ಲೆಕ್ಕವೂ ಬೇರೆಯಾಗಬಹುದು. ಸರ್ಕಾರಿ ಅಧಿಕಾರಿಯ ಕೆಲಸದ ಬಗ್ಗೆ ಬರೆದರೆ, ಅದು ಸುಳ್ಳು ಅಂತ ತೋರಿಸಿದರಷ್ಟೇ ಸಾಲದು. ನಿಜವೋ ಸುಳ್ಳೋ ಅಂತ ಕೇರೇ ಮಾಡದೆ ಬರೆದಿದ್ದಾರೆ ಅಂತಲೂ ತೋರಿಸಬೇಕು.

ಅಕ್ಕನ ಗಂಡ ಮಧ್ಯೆ ಕೇಳಿದರು: "ಹಂಗಾದ್ರ ಪಹಣಿ ಹಾಕಿದ್ದು ತಪ್ಪಲ್ಲೇನ್ರಿ?"

ದಾಖಲೆ ಹಾಕಿದ್ದಕ್ಕೆ ಕೇಸ್ ನಿಲ್ಲೋದು ಕಷ್ಟ ಅಂದರು ವಕೀಲರು. ಅದರ ಮೇಲೆ ಬರೆದ ಮಾತು ಬೇರೆ. ಮಾನನಷ್ಟದಲ್ಲಿ "ನಿಜ ತಾನೇ" ಅಂದರೆ ಸಾಲುವುದಿಲ್ಲ. ಆಗ ಇದ್ದ ಭಾರತೀಯ ದಂಡ ಸಂಹಿತೆಯ (ಐಪಿಸಿ) 499ನೇ ಕಲಮಿನಲ್ಲಿ ಮೊದಲ ವಿನಾಯಿತಿಯೇ ಅದು: ನಿಜವಾಗಿರಬೇಕು, ಜೊತೆಗೆ ಜನರ ಒಳಿತಿಗೂ ಆಗಿರಬೇಕು. ಎರಡೂ ಬೇಕು. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅಲ್ಲಿ ಇದು 356ನೇ ಕಲಂ, ವಿನಾಯಿತಿಗಳು ಹಾಗೇ ಇವೆ.

ಮಗಳ ವಿಷಯಕ್ಕೆ ಬಂದಾಗ ವಕೀಲರು ತಡಬಡಾಯಿಸಲಿಲ್ಲ. "ಅದರಾಗ ವಾದಾನೇ ಇಲ್ಲ" ಅಂದರು. ತಾಯಿ ಮೈಕ್ ಹಿಡಿದಿರಬಹುದು, ಮಗಳು ಹಿಡಿದಿಲ್ಲ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿತಲ್ಲ, ಆ ಕೇಸ್ ಹಾಕಿದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದವರು. ಸಾರ್ವಜನಿಕ ಜಾಗದಲ್ಲಿ ನಿಂತ ಮಾತ್ರಕ್ಕೆ ಖಾಸಗಿತನ ಹೋಗಿಬಿಡುವುದಿಲ್ಲ ಅನ್ನುವ ಮಾತು ಆ ತೀರ್ಪಿನಲ್ಲೇ ಇದೆ.

ಹಾಗಾದರೆ ಕೇಸ್ ಹಾಕೋಣ ಅಂದೆ ನಾನು. ನನಗೆ ಅವಸರ. ತಪ್ಪು ಮಾಡಿದವನಿಗೆ ಪ್ರಾಯಶ್ಚಿತ್ತದ ಅವಸರ ಜಾಸ್ತಿ.

ವಕೀಲರು ದಾರಿ ವಿವರಿಸಿದರು. ಮಾನನಷ್ಟಕ್ಕೆ ಪೊಲೀಸರು ನೇರ ಎಫ್‌ಐಆರ್ ಹಾಕುವುದಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು. ತಾರೀಕು ತಾರೀಕಿಗೆ ಬರಬೇಕು. ಮಗಳ ಹೆಸರು ದೂರಿನಲ್ಲಿ ಬರುತ್ತದೆ, ಅವಳು ಕಟಕಟೆಯಲ್ಲಿ ನಿಂತು ಹೇಳಬೇಕಾಗಬಹುದು. ಅಕ್ಕ ಅಲ್ಲಿಯವರೆಗೆ ಸುಮ್ಮನೆ ಕೇಳುತ್ತಿದ್ದರು. ಆಮೇಲೆ ಸೆರಗು ಸರಿ ಮಾಡಿಕೊಂಡು ಎದ್ದರು. "ಮುಚ್ಚಾಕಂತ ಬಂದೀವಿ, ಮತ್ತ ತೆರ್ಯಾದು ಬ್ಯಾಡ್ರಿ" ಅಂದರು.

ಕೇಸ್ ಆಗಲಿಲ್ಲ. ಮಗಳ ಫೋಟೋ ಇದ್ದ ಪೇಜುಗಳಿಗೆ ದೂರು ಕಳಿಸಿದೆವು. ಕೆಲವರು ತೆಗೆದರು. ಕೆಲವರು ಉತ್ತರವನ್ನೂ ಕೊಡಲಿಲ್ಲ.

ಮೈಕ್ ಯಾರ ಕೈಯಲ್ಲಿತ್ತು

ವಕೀಲರು ಹೇಳಿದ್ದರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅಮೆರಿಕದ ಎರಡು ಕೇಸು. 1964ರದ್ದು ಸಲಿವನ್ ಕೇಸ್. ಅಲಬಾಮಾದ ಮಾಂಟ್‌ಗಮರಿ ನಗರದ ಒಬ್ಬ ಕಮಿಷನರ್ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮೇಲೆ ಹೂಡಿದ್ದು. ಅಧಿಕಾರದಲ್ಲಿ ಇರುವವರ ಬಗ್ಗೆ ಬರೆಯುವಾಗ ಸಣ್ಣಪುಟ್ಟ ತಪ್ಪಾದರೆ ಪತ್ರಿಕೆ ಮುಳುಗಬಾರದು, ಸುಳ್ಳು ಅಂತ ಗೊತ್ತಿದ್ದೇ, ಇಲ್ಲಾ ನಿಜವೋ ಸುಳ್ಳೋ ಅಂತ ಕೇರೇ ಮಾಡದೆ ಬರೆದರೋ ನೋಡಬೇಕು ಅಂತ ಕೋರ್ಟ್ ಹೇಳಿತು. ಹತ್ತು ವರ್ಷದ ಮೇಲೆ, 1974ರಲ್ಲಿ, ಗರ್ಟ್ಸ್ ಅನ್ನುವ ಶಿಕಾಗೋ ವಕೀಲರ ಕೇಸ್ ಬಂತು. ಒಂದು ಕುಟುಂಬದ ಪರ ವಾದಿಸಿದ್ದಕ್ಕೆ ಪತ್ರಿಕೆಯೊಂದು ಅವರ ಮೇಲೆ ಇಲ್ಲದ್ದೆಲ್ಲ ಬರೆದಿತ್ತು. ಇವರು ಸಾರ್ವಜನಿಕ ವ್ಯಕ್ತಿ ಅಲ್ಲ ಅಂದಿತು ಕೋರ್ಟ್. ಯಾಕೆ ಅನ್ನೋದಕ್ಕೆ ಅದು ಕೊಟ್ಟ ಎರಡು ಕಾರಣ ನೋಡಿ. ಸಾರ್ವಜನಿಕ ವ್ಯಕ್ತಿಗೆ ತಿರುಗಿ ಉತ್ತರ ಕೊಡಲು ದಾರಿ ಇರುತ್ತದೆ. ಮತ್ತೆ, ಅವರು ಸಾಮಾನ್ಯವಾಗಿ ಗೊತ್ತಿದ್ದೇ ಬೀದಿಗೆ ಬಂದಿರುತ್ತಾರೆ.

ಮೊದಲನೆಯ ಕಾರಣವನ್ನು ನಮ್ಮೂರಿಗೆ ತಂದು ನೋಡಿ. ಮಲ್ಲಿಕಾರ್ಜುನ ಖರ್ಗೆಯವರು 1972ರಲ್ಲಿ ಗುರುಮಠಕಲ್ಲಿನಿಂದ ಮೊದಲ ಸಲ ಶಾಸಕರಾದವರು, 2022ರಲ್ಲಿ ಕಾಂಗ್ರೆಸ್ಸಿನ ರಾಷ್ಟ್ರಾಧ್ಯಕ್ಷರಾದರು. ಅವರ ಬಗ್ಗೆ ಯಾರಾದರೂ ಏನಾದರೂ ಬರೆದರೆ ಸಂಜೆಯೊಳಗೆ ಹತ್ತು ಮೈಕ್ ಎದುರು ಬರುತ್ತವೆ. ಆಸ್ತಿ ಎಷ್ಟು ಅಂತ ಚುನಾವಣೆಯ ಅಫಿಡವಿಟ್ಟಿನಲ್ಲಿ ಅವರೇ ಬರೆದು ಕೊಟ್ಟಿರುತ್ತಾರೆ. ಅಲ್ಲಿ ಪ್ರಶ್ನೆಗೂ ಉತ್ತರಕ್ಕೂ ಒಂದೇ ಅಳತೆ. ಅಕ್ಕನಿಗೆ ಪಹಣಿಯ ಉತ್ತರ ಕೊಡಬೇಕಿತ್ತು. ಎರಡೇ ಸಾಲು: ಮೂರು ಪಾಲು, ಪೋಡಿ ಆಗಿಲ್ಲ. ಹೇಳಲು ಅವರ ಹತ್ತಿರ ಸ್ಮಾರ್ಟ್‌ಫೋನೂ ಇರಲಿಲ್ಲ. ಮೈಕ್ ಇದ್ದದ್ದು ನನ್ನ ಕೈಯಲ್ಲಿ. ಆ ಎರಡನೇ ವಾರ ನಾನೇ ಹೋಗಿ ಅವರ ಎರಡು ಸಾಲು ತೆಗೆದು ಹಾಕಬಹುದಿತ್ತು. ಹಾಕಲಿಲ್ಲ. ಪಹಣಿಯ ಜಗಳದಿಂದ ನಮ್ಮ ಪೇಜಿಗೂ ಜನ ಬರುತ್ತಿದ್ದರು.

"ಊರಿಗೆಲ್ಲ ಗೊತ್ತಿದ್ದದ್ದೇ ಅಲ್ವಾ" ಅಂತ ಮಗಳ ವಿಷಯದಲ್ಲಿ ಒಬ್ಬರು ನನ್ನ ಜೊತೆ ವಾದಿಸಿದರು. ಹೌದು, ಊರಿಗೆ ಗೊತ್ತಿತ್ತು. ಅವಳು ಯಾಕೆ ಬಂದಳು, ಯಾವ ರಾತ್ರಿ ಬಂದಳು, ಕೈ ಮೇಲೆ ಏನು ಗುರುತಿತ್ತು ಅನ್ನೋದೂ ಗೊತ್ತಿತ್ತು. ಹಾಗೆ ಗೊತ್ತಿದ್ದವರೇ ಅವಳಿಗೆ ಹೊಲಿಗೆ ಯಂತ್ರ ಕೊಡಿಸಲು ಸಂಘದಲ್ಲಿ ಸಾಲಕ್ಕೆ ಸಹಿ ಹಾಕಿದ್ದರು. ಹಳ್ಳಿಯಲ್ಲಿ ಗುಟ್ಟು ಇರುವುದಿಲ್ಲ ನಿಜ, ಆದರೆ ಗೊತ್ತಿರುವವನು ಮರುದಿನ ನಲ್ಲಿಯ ಹತ್ತಿರ ಮುಖ ತೋರಿಸಬೇಕು. ಬೀದರಿನಲ್ಲೋ ಬೆಂಗಳೂರಿನಲ್ಲೋ ಕೂತು ಒಂದು ಸಾಲು ಬರೆದವನು ಯಾವ ನಲ್ಲಿಗೆ ಬರ್ತಾನೆ?

ಇನ್ನು ಆ ಹುಡುಗನ ಮಾತು. ಇದನ್ನು ಬಹಳ ಜನ ಮರೆತೇ ಬಿಟ್ಟಿದ್ದಾರೆ, ನಾನೂ ಎಷ್ಟೋ ದಿನ ಮರೆತಿದ್ದೆ.

ಅವನು ಅಧಿಕಾರಿಯೇ ಅಲ್ಲ. ಬೆಳೆ ಸಮೀಕ್ಷೆಗೆ ಹೊಲಹೊಲಕ್ಕೆ ಹೋಗಿ ಆ್ಯಪಿನಲ್ಲಿ ಫೋಟೋ ಏರಿಸಲು ಊರ ಕಡೆಯ ಹುಡುಗರನ್ನು ಗೊತ್ತು ಮಾಡುತ್ತಾರೆ. ಪ್ಲಾಟಿಗೆ ಇಷ್ಟು ಅಂತ ದುಡ್ಡು. ಅವತ್ತು ಜೀಪಿನವರು ಅಂಥ ಒಬ್ಬನನ್ನು ಜೊತೆಗೆ ಕರೆದುಕೊಂಡು ಬಂದಿದ್ದರು. ಸರ್ಕಾರಿ ಕಾಗದದಲ್ಲಿ ಇವರಿಗೆ ಇರುವ ಹೆಸರು "ಖಾಸಗಿ ನಿವಾಸಿ". ತಮಾಷೆ ಅನ್ನಿಸುತ್ತದೆ, ಅಲ್ವಾ? ಹೆಸರಲ್ಲೇ ಖಾಸಗಿ ಅಂತ ಇದ್ದ ಹುಡುಗನನ್ನು ನಾನು ಒಂದು ಶೀರ್ಷಿಕೆಯಲ್ಲಿ ಅಧಿಕಾರಿ ಮಾಡಿದೆ. ನಿಜವಾದ ಅಧಿಕಾರಿ ಜೀಪಿನ ಮುಂದಿನ ಸೀಟಿನಲ್ಲಿದ್ದರು, ಫ್ರೇಮಿನ ಹೊರಗೆ. ಅವರು ಇಳಿಯಲೂ ಇಲ್ಲ. ಅವರ ಮುಖ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಹುಡುಗನಿಗೆ ಹೆಣ್ಣು ಗೊತ್ತಾಗಿತ್ತು. ಆ ಮನೆಯವರು ವಿಡಿಯೋ ನೋಡಿ, "ಲಂಚ ತಿಂದು ಬೈಸಿಕೊಂಡಾನ" ಅಂದರಂತೆ. ಲಂಚದ ಮಾತು ವಿಡಿಯೋದಲ್ಲಿ ಎಲ್ಲೂ ಇಲ್ಲ, ಕೆಳಗೆ ಯಾರೋ ಬರೆದಿದ್ದು. ನಾನು ಅವನ ಮನೆಗೆ ಹೋಗಿ ಕಳೆದುಹೋದ ಐದು ನಿಮಿಷ ತೋರಿಸಿದೆ. ಅವನು ಗಿಡ ಕಿತ್ತದ್ದು, ನೀರು ಕುಡಿದದ್ದು, ಸಾಲು ಎಣಿಸಿದ್ದು. ಅವನು ನೋಡಿ ಮೊಬೈಲ್ ವಾಪಸ್ ಕೊಟ್ಟ. "ಇದನ್ನ ಹಾಕ್ಬೇಕಿತ್ರಿ ಅಣ್ಣಾ" ಅಂದ, ಅಷ್ಟೇ. ಪೂರ್ತಿ ಆರು ನಿಮಿಷವನ್ನು, ಸರ್ವೆ ನಂಬರಿನ ಮಾತನ್ನು ಮ್ಯೂಟ್ ಮಾಡಿ, ಆಮೇಲೆ ಹಾಕಿದೆ. ಅದನ್ನು ನೋಡಿದವರು ಬೆರಳೆಣಿಕೆಯಷ್ಟು ಜನ.

ನನ್ನ ಲೆಕ್ಕ ಹೀಗಿದೆ. ಒಬ್ಬ ಮನುಷ್ಯ ಪೂರ್ತಿ ಸಾರ್ವಜನಿಕ ಆಗುವುದಿಲ್ಲ. ಯಾವ ಮಾತಿಗಾಗಿ ಮುಂದೆ ಬಂದರೋ, ಯಾವ ಅಧಿಕಾರ ಹಿಡಿದರೋ, ಅಷ್ಟು ಭಾಗ ಮಾತ್ರ ಆಗುತ್ತಾರೆ. ಅಕ್ಕ ಬೆಳೆ ಹಾನಿ ಆಗಿದೆ ಅಂದರು. ಹಾನಿ ಆಗಿತ್ತಾ, ಎಷ್ಟು ಆಗಿತ್ತು ಅಂತ ಯಾರು ಬೇಕಾದರೂ ಕೇಳಲಿ, ಬಂದು ಬೇರು ಕಿತ್ತು ನೋಡಲಿ. ಸರ್ವೆ ನಂಬರನ್ನು ಅವರು ಸಮೀಕ್ಷೆಯವರಿಗೆ ಹೇಳಿದ್ದು, ಲೋಕಕ್ಕಲ್ಲ. ನಾನು ಅದನ್ನು ಲೋಕಕ್ಕೆ ಕೊಟ್ಟೆ. ಕೇಳಿಸಿಕೊಳ್ಳುವವರು ಯಾರು ಅಂತ ತಿಳಿದುಕೊಂಡು ಆಡಿದ ಮಾತನ್ನು ಬೇರೆಯವರ ಕಿವಿಗೆ ದಾಟಿಸಿದರೆ ಮಾತು ಅದೇ ಇದ್ದರೂ ಅರ್ಥ ಅದೇ ಇರುವುದಿಲ್ಲ.

ಜನವರಿಯಲ್ಲಿ ಸರ್ಕಾರ ನೆಟೆ ರೋಗಕ್ಕೆ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಘೋಷಿಸಿತು. ತೊಗರಿ ಅಕ್ಕನಿಂದಲೇ ಬಂತು ಅಂತ ಒಂದಷ್ಟು ಜನ ಬರೆದರು. ಅದೂ ಸುಳ್ಳು. ಮೂರು ಜಿಲ್ಲೆಯ ರೈತರು ತಿಂಗಳುಗಟ್ಟಲೆ ಕೂಗಿದ್ದರು.

ಅದೇ ಪಹಣಿ, ಎರಡನೇ ಸಲ

ಪ್ರಕರಣ ಇಲ್ಲಿಗೆ ಮುಗಿದಿದ್ದರೆ ಅಕ್ಕ ಪೂರ್ತಿ ಒಳ್ಳೆಯವರು, ಲೋಕ ಕೆಟ್ಟದ್ದು ಅಂತ ಬರೆದು ಏಳುತ್ತಿದ್ದೆ. ಆದರೆ ಆಮೇಲೆ ಅವರ ವಾರ್ಡಿನಲ್ಲಿ ಗ್ರಾಮ ಪಂಚಾಯ್ತಿಯ ಒಂದು ಸೀಟು ಖಾಲಿಯಾಯಿತು. ಮಹಿಳಾ ಮೀಸಲು. ಪಂಚಾಯ್ತಿ ಚುನಾವಣೆಗೆ ಪಕ್ಷದ ಚಿಹ್ನೆ ಇರುವುದಿಲ್ಲ, ಹೆಸರೇ ಚಿಹ್ನೆ. ಅಕ್ಕನಿಗೆ ಹೆಸರಿತ್ತು. ನಾನು ಬೇಡ ಅಂದೆ. "ಬೈಸ್ಕೊಂಡಿದ್ದರ ಲಾಭಾನರ ಆಗ್ಲಿ ತಮ್ಮಾ" ಅಂತ ನಕ್ಕರು. ನಿಂತರು, ಗೆದ್ದರು.

ಒಂದು ಗ್ರಾಮಸಭೆಗೆ ನಾನೂ ಹೋಗಿದ್ದೆ. ಕ್ಯಾಮೆರಾ ಒಯ್ದಿರಲಿಲ್ಲ. ಉದ್ಯೋಗ ಖಾತ್ರಿಯ ಕೃಷಿ ಹೊಂಡದ ಪಟ್ಟಿ ಓದುವಾಗ ಒಬ್ಬ ಯುವಕ ಎದ್ದು ನಿಂತ. ಕೈಯಲ್ಲಿ ಅದೇ ಪಹಣಿಯ ಪ್ರಿಂಟು.

"ಸಣ್ಣ ರೈತ ಅಂದ್ರ 5 ಎಕರೆ ತನಕ. ಇದರಾಗ 11 ಎಕರೆ ಅದ. ನಿಮ್ಮ ಮೈದುನರ ಹೆಸರು ಪಟ್ಟ್ಯಾಗ ಹ್ಯಾಂಗ ಬಂತು?"

ಎರಡನೇ ವಾರದ ಜಗಳದಲ್ಲಿ ತಪ್ಪಾಗಿದ್ದ ಅದೇ ಕಾಗದ ಈಗ ಸರಿ. ಹೊಂಡ ಸರ್ಕಾರದ ದುಡ್ಡು. ಪಟ್ಟಿಗೆ ಒಪ್ಪಿಗೆ ಕೊಡುವ ಪಂಚಾಯ್ತಿಯಲ್ಲಿ ಈಗ ಅಕ್ಕನ ಕೈಯೂ ಇದೆ. ಸುತ್ತಲಿನವರು ಯುವಕನನ್ನು ಕೂರಿಸಲು ನೋಡಿದರು. ಅಕ್ಕ ತಡೆದರು.

"ಕೇಳಲಿ ಬಿಡ್ರಿ. ಪೋಡಿ ಆಗಿಲ್ಲ, ಅದಕ್ಕ ಹಂಗ ಕಾಣ್ತದ. ಅರ್ಜಿ ಹಾಕಿದ್ದು ಹೌದು. ಪೋಡಿ ಆಗೋತನಕ ಆ ಹೆಸರು ತಗೀರಿ ಅಂತ ಬರ್ಕೋರಿ ಪಿಡಿಓ ಸಾಹೇಬ್ರ."

ಮೈದುನ ಸಭೆ ಬಿಟ್ಟು ಎದ್ದು ಹೋದ. ಈಗಲೂ ಅವರ ಮನೆಗೂ ಇವರ ಮನೆಗೂ ಮಾತಿಲ್ಲ ಅಂತ ಕೇಳಿದ್ದೇನೆ.

ಹಿಂದಿನ ಸಾಲಿನಿಂದ ಇನ್ನೊಂದು ದನಿ ಬಂತು. ಮಗಳ ವಿಷಯ. ಅರ್ಧ ವಾಕ್ಯ ಆಗಿತ್ತು, ಅಷ್ಟರಲ್ಲಿ ಅಕ್ಕ ಆ ಕಡೆ ತಿರುಗಿಯೂ ನೋಡದೆ, "ಅದು ಅಜೆಂಡಾದಾಗ ಇಲ್ಲ" ಅಂದರು. ಕೆಲವರು ನಕ್ಕರು. ಪಿಡಿಓ ಮುಂದಿನ ವಿಷಯ ಓದಿದರು.

ಸಭೆ ಮುಗಿದ ಮೇಲೆ ನಡಾವಳಿ ಪುಸ್ತಕ ನೋಡಬಹುದಾ ಅಂತ ಕೇಳಿದೆ. ಕೊಟ್ಟರು. ಹೊಂಡದ ಪ್ರಶ್ನೆ ಅಲ್ಲಿತ್ತು, ಉತ್ತರವೂ ಇತ್ತು, ಸರ್ವೆ ನಂಬರ್ ಇತ್ತು. ಅದರ ಕೆಳಗಿನ ಸಾಲಿನಲ್ಲಿ ಕುಡಿಯುವ ನೀರಿನ ಪೈಪ್‌ಲೈನ್ ಶುರುವಾಗಿತ್ತು.